ಹೇಳಿ ಡೇರೆ ಹಾಕಿದವರು

ಉತ್ತರ ಭಾಗದ ಅರಣ್ಯಗಳ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಾಡಿನಲ್ಲಿ ಒಂದೇ ಒಂದು ರಾತ್ರಿ ಮಲಗಲು ನನ್ನ ಹೆಂಡತಿಗೂ ನನಗೂ ನೀವು ಜಾಗ ಕೊಡಲಿಲ್ಲ. ಈ ಮೇ ಇಪ್ಪತ್ತೊಂಬತ್ತಕ್ಕೆ ಅವಳ ಶಸ್ತ್ರಚಿಕಿತ್ಸೆ. ಅದಾದ ಮೇಲೆ ಅವಳಿಗೆ ಕಿವಿ ಕೇಳಿಸುವುದಿಲ್ಲ. ಇವತ್ತಿನಿಂದ ಆ ದಿನದವರೆಗೆ ಉಳಿದಿರುವುದು ಹತ್ತೊಂಬತ್ತು ದಿನ. ಒಂದು ಪತ್ರಕ್ಕೆ ಉತ್ತರಿಸಲು ನಿಮ್ಮ ಕಚೇರಿ ತನಗೆ ತಾನೇ ಕೊಟ್ಟುಕೊಂಡಿರುವ ಅವಧಿ ಇಪ್ಪತ್ತು ಕೆಲಸದ ದಿನ. ಹಾಗಾಗಿ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಲಂಡನ್ನಿನ ಕನ್ನಡಿಗರ ಅಂತರ್ಜಾಲ ಪತ್ರಿಕೆಯೊಂದು ಇದನ್ನು ಪ್ರಕಟಿಸಲು ಒಪ್ಪಿದೆ. ಇಂಗ್ಲಿಷ್ ಪ್ರತಿಯೊಂದು ನಿಮಗೆ ಬೇರೆಯಾಗಿ ತಲುಪುತ್ತದೆ. ಇಂಗ್ಲಿಷಿನಲ್ಲಿ ಬರೆದ ಆರು ಪತ್ರಗಳಿಗೂ ಬಂದದ್ದು ಸುತ್ತಿಬಳಸಿ ಒಂದೇ ಉತ್ತರ. ಕನ್ನಡದಲ್ಲಿ ಬರೆದರೆ ಅದಕ್ಕಿಂತ ಕಡಿಮೆಯೇನೂ ಸಿಗಲಾರದು.

ನನ್ನ ಹೆಂಡತಿ ಸುವರ್ಣಾ ಧಾರವಾಡದವಳು, ಮಕ್ಕಳ ವೈದ್ಯೆ. ಅವಳ ಎಡಗಿವಿ ಬಾಲ್ಯದ ಒಂದು ಜ್ವರದಲ್ಲೇ ಹೋಯಿತು. ಇಪ್ಪತ್ತಾರು ವರ್ಷ ಈ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ಮಕ್ಕಳ ಎದೆಯ ಸದ್ದನ್ನು ಅವಳು ಒಂದೇ ಕಿವಿಯಲ್ಲಿ ಆಲಿಸಿದಳು. ಫೆಬ್ರವರಿಯಲ್ಲಿ ಆ ಬಲಗಿವಿಯ ನರದ ಮೇಲೆ ಗಡ್ಡೆಯೊಂದು ಕಂಡಿತು. ಪ್ರಾಣಕ್ಕೆ ಬರುವಂಥದ್ದಲ್ಲ, ಆದರೆ ಬೆಳೆಯುತ್ತಿದೆ, ತೆಗೆಯಲೇಬೇಕು. ತೆಗೆದರೆ ನರ ಉಳಿಯುವುದಿಲ್ಲ. ಇದನ್ನು ನಮಗೆ ಹೇಳಿದ ಸರ್ಜನ್ ಬಹಳ ಮೆಲುದನಿಯವರು. ಅವಳು ಎರಡು ಸಲ, ಸ್ವಲ್ಪ ಜೋರಾಗಿ ಹೇಳಿ ಎಂದು ವಿನಂತಿಸಬೇಕಾಯಿತು.

ಇನ್ನು ಮೂರು ತಿಂಗಳಲ್ಲಿ ಏನೇನು ಬೇಕು ಹೇಳು ಎಂದು ಮಗಳು ಪ್ರಾಚಿ ಪಟ್ಟಿ ಹಿಡಿದು ಕುಳಿತಳು. ಸಂಗೀತ ಕಛೇರಿಗಳು, ಸಮುದ್ರ, ಊರಿನಲ್ಲಿರುವ ಬಂಧುಗಳ ದನಿ. ಸುವರ್ಣಾ ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಒಂದ ಮುಂಜಾನೆ ಸಾಕ. ಮಶೀನಿನ ಸಪ್ಪಳ ಇಲ್ಲದ್ದು."

"ಬಟ್ ಅಮ್ಮಾ, ಆಫ್ಟರ್ ದಟ್ ಇಟ್ಸ್ ಗೋಯಿಂಗ್ ಟು ಬಿ ಕ್ವಯಟ್ ಎನಿವೇ," ಎಂದ ಪ್ರಾಚಿ ತಕ್ಷಣ ನಾಲಿಗೆ ಕಚ್ಚಿಕೊಂಡಳು.

"ಇಲ್ಲವಾ. ಕಿವಿ ಹೋತಂದ್ರ ತಲಿ ಒಳಗ ಗುಂಯ್ ಅನ್ನೂದು ನಿಲ್ಲೂದಿಲ್ಲಂತ. ಹಗಲೂ ರಾತ್ರಿ. ಶಾಂತ ಅನ್ನೂದಕ್ಕೂ ಕಿವಿ ಬೇಕ."

ಅಧಿಕಾರಿಗಳೇ, ನನಗೂ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾವಿರುವ ಪಿನ್ನರ್ ಲಂಡನ್ನಿನ ಪ್ರಶಾಂತವಾದ ಬಡಾವಣೆ ಎಂದು ಮನೆ ಮಾರುವವರು ಬರೆಯುತ್ತಾರೆ. ಬೆಳಗಿನ ಐದೂವರೆಯ ಸುಮಾರಿಗೆ ರೈಲು, ಅದರ ಹಿಂದೆ ವಿಮಾನ, ಪಕ್ಕದ ಮನೆಯ ಬಾಯ್ಲರ್, ನಮ್ಮದೇ ಫ್ರಿಜ್. ಮಾರ್ಚಿನಲ್ಲಿ ಒಂದು ದಿನ ಅವಳು ಫ್ರಿಜ್ ಆರಿಸಿ ಅಡುಗೆಮನೆಯಲ್ಲಿ ಕುಳಿತಿದ್ದಳು. ಹಾಲು ಹುಳಿಯಾಯಿತು, ದೂರದ ಹೆದ್ದಾರಿಯ ಸದ್ದು ಹಾಗೇ ಇತ್ತು.

ಆಗ ನಿಮಗೆ ಮೊದಲ ಪತ್ರ ಬರೆದೆ. ನೀರಿನ ನಲ್ಲಿ, ಶೌಚಾಲಯ, ನಂಬರು ಹಾಕಿದ ಕಟ್ಟೆ ಯಾವುದೂ ಇಲ್ಲದ, ಒಂದೇ ಡೇರೆಗೆ ಸಾಕಾಗುವ ಒಂಟಿ ಜಾಗ ನಿಮ್ಮ ಉತ್ತರದ ಕಾಡುಗಳಲ್ಲಿ ಎಲ್ಲಿದೆ ಎಂದಷ್ಟೇ ನನ್ನ ಪ್ರಶ್ನೆ. ಹದಿನಾಲ್ಕು ಕ್ಯಾಂಪ್‌ಸೈಟುಗಳ ಪಟ್ಟಿ ಬಂತು. ಅವುಗಳಲ್ಲಿ ಒಂಬತ್ತರಲ್ಲಿ ಬಿಸಿನೀರಿನ ತೊಟ್ಟಿಯೂ ನಾಲ್ಕರಲ್ಲಿ ಮಕ್ಕಳ ಡಿಸ್ಕೊವೂ ಇದ್ದವು. ಎರಡನೆಯ ಪತ್ರಕ್ಕೆ, ನಾನು ವಿವರಿಸಿದಂಥ ಜಾಗದಲ್ಲಿ ತಂಗಲು ಭೂಮಾಲೀಕರ ಅನುಮತಿ ಬೇಕು ಎಂದಿರಿ. ಭೂಮಾಲೀಕರು ನೀವೇ ಅಲ್ಲವೇ ಎಂದು ಬರೆದೆ. ಹೌದು ಎಂದಿರಿ, ಮತ್ತು ಜಾಗದ ನಕ್ಷೆ ಸಂಖ್ಯೆ ಬೇಕು ಎಂದಿರಿ. ಅಂಥ ಜಾಗಗಳ ನಕ್ಷೆ ಕೊಡಿ ಎಂದೆ. ಪಟ್ಟಿ ಮಾಡಿದ ಜಾಗ ಕ್ಯಾಂಪ್‌ಸೈಟ್ ಆಗುತ್ತದೆ, ಆದ್ದರಿಂದ ನಲ್ಲಿ, ಶೌಚಾಲಯ ಬೇಕಾಗುತ್ತದೆ, ಆದ್ದರಿಂದ ಪಟ್ಟಿ ಇಲ್ಲ ಎಂದಿರಿ. ಅಂದರೆ ಜಾಗ ಇದೆ, ಎಲ್ಲಿದೆ ಎಂದು ಹೇಳಿದೊಡನೆ ಇಲ್ಲವಾಗುತ್ತದೆ. ವೇದಾಂತಿಗಳ ಮನೆತನದಲ್ಲಿ ಹುಟ್ಟಿಯೂ ನನಗೆ ಈ ವಾದ ಪೂರ್ತಿ ದಕ್ಕಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಕಾನೂನು ಉದಾರವಾಗಿದೆ, ಅಲ್ಲಿಗೆ ಹೋಗಬಹುದು ಎಂದೂ ಸೂಚಿಸಿದಿರಿ. ಕೃತಜ್ಞತೆಗಳು. ಆ ಗಡ್ಡೆ ಅವಳ ಸಮತೋಲವನ್ನೂ ಕೆಡಿಸಿದೆ. ಕಾರಿನಲ್ಲಿ ತಾಸಿಗೊಮ್ಮೆ ಇಳಿದು, ಕಣ್ಣು ಮುಚ್ಚಿ ಬಾನೆಟ್ಟಿಗೆ ಆತು ನಿಲ್ಲಬೇಕು. ನಿಮ್ಮ ಕಾಡಿನವರೆಗೆ ಹೋಗುವುದೇ ಅವಳ ಮಟ್ಟಿಗೆ ಭೂಮಿಯ ಅಂಚು.

ನಿಮ್ಮ ವಾಕ್ಯಗಳ ಮೇಲೆ ನನಗೆ ಸಿಟ್ಟಿಲ್ಲ. ಪಶ್ಚಿಮ ಲಂಡನ್ನಿನ ಒಂದು ಕೌನ್ಸಿಲಿನ ಕಟ್ಟಡ ಪರವಾನಗಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನೂ ಅವನ್ನೇ ಬರೆಯುತ್ತಿದ್ದೇನೆ. ಮನೆಯ ಹಿಂದೆ ಒಂದು ಕೋಣೆ ಹಾಕಿಕೊಳ್ಳುತ್ತೇವೆ, ಅತ್ತೆಗೆ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಜನ ಬರೆಯುತ್ತಾರೆ. 'ನಿಮ್ಮ ಪರಿಸ್ಥಿತಿಯ ಬಗ್ಗೆ ನಮಗೆ ಸಹಾನುಭೂತಿಯಿದೆ, ಆದರೂ' ಎಂದು ನಾನು ಶುರು ಮಾಡುತ್ತೇನೆ. ನಿಮ್ಮ ಐದನೆಯ ಪತ್ರ ಅದೇ ಮಾತಿನಿಂದ ಶುರುವಾದಾಗ, ಯಾವುದೋ ಅಂಗಡಿಯ ಗಾಜಿನಲ್ಲಿ ತನ್ನ ಮುಖವನ್ನು ತಾನೇ ಕಂಡವನಂತಾದೆ. 'ಆದರೂ' ಎಂಬಲ್ಲಿ ಪತ್ರ ತಿರುಗುತ್ತದೆ. ಅದರ ಮುಂದಿನದನ್ನು ಓದುವಾಗ ಆ ಅತ್ತೆಯಂದಿರು ಎಲ್ಲಿ ಕುಳಿತಿದ್ದರು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಕೊನೆಗೆ ಜಾಗ ತೋರಿಸಿದವನು ಶೇಖರಪ್ಪ. ವಿಜಯಪುರದ ಕಡೆಯವನು, ಗ್ರೀನ್‌ಫರ್ಡಿನ ಒಂದು ಗೋದಾಮಿನ ಲಾರಿ ಓಡಿಸುತ್ತಾನೆ. ಉತ್ತರದ ಕಾಡಿನ ಮರ ಕೊಯ್ಯುವ ಗಿರಣಿಗೆ ವಾರಕ್ಕೊಮ್ಮೆ ಹೋಗಿಬರುತ್ತಾನೆ. ಸೌತ್‌ಹಾಲಿನಲ್ಲಿ ಜೋಳದ ಹಿಟ್ಟಿನ ಚೀಲ ಹೊತ್ತು ಅಂಗಡಿಯಿಂದ ಹೊರಬರುತ್ತಿದ್ದವನು ನನ್ನ ಕಥೆ ಕೇಳಿ ಚೀಲ ಕೆಳಗಿಟ್ಟ.

"ಇಷ್ಟಕ್ಕ ಆರು ಪತ್ರ ಬರದೀರೇನ್ರೀ ಸಾಹೇಬ್ರ? ಗಿರಣಿ ದಾಟಿ ಎರಡು ಮೈಲಿ, ಬಲಕ್ಕ ಮಣ್ಣಿನ ಹಾದಿ. ಹಳ್ಳದ ಆಚೆ ಬರ್ಚ್ ಗಿಡಗೊಳ ನಡುವ ಒಂದ ಬಯಲೈತಿ. ನಾ ಅಲ್ಲಿ ಗಾಡಿ ನಿಂದ್ರಿಸಿ ರೊಟ್ಟಿ ತಿಂತೇನಿ. ನನ್ನ ಹಲ್ಲಿನ ಸಪ್ಪಳ ನನಗ ಕೇಳ್ಸತೈತಿ, ಅಷ್ಟ ಶಾಂತ."

"ಪರವಾನಗಿ?"

"ಯಾರಿಗೂ ಹೇಳಬ್ಯಾಡ್ರಿ. ಇಲ್ಲಿ ಮಂದಿ ಹಂಗ ಮಾಡ್ತಾರ. ಸಂಜಿಕ ಹೋಗೂದು, ಮುಂಜಾನೆ ಕಿತ್ಕೊಂಡ ಬರೂದು. ಕಾವಲಿನವ್ರು ಕಂಡ್ರೂ ಕಾಣಲಾರದಂಗ ಇರ್ತಾರ. ಹೇಳಿದ್ರಂದ್ರ ಮುಗೀತ ನೋಡ್ರಿ."

ಪ್ರಾಚಿಯೂ "ಜಸ್ಟ್ ಗೋ, ಅಪ್ಪಾ. ನೋಬಡಿ ಆಸ್ಕ್ಸ್," ಎಂದಳು. ಈ ದೇಶದಲ್ಲಿ ಹುಟ್ಟಿದವಳಿಗೆ ಅದು ಸಹಜ. ನಾವಿಬ್ಬರು ಇಲ್ಲಿಗೆ ಬಂದದ್ದು, ಉಳಿದದ್ದು, ದುಡಿದದ್ದು ಎಲ್ಲ ಮುದ್ರೆ ಬಿದ್ದ ಕಾಗದಗಳ ಮೇಲೆ.

ಏಪ್ರಿಲ್ ಕೊನೆಯ ಶನಿವಾರ ಹೋದೆವು. ಬೆಳಿಗ್ಗೆ ಏಳಕ್ಕೆ ಬಿಟ್ಟು, ನಿಂತು ನಿಂತು, ಮಧ್ಯಾಹ್ನ ಮೂರಕ್ಕೆ ತಲುಪಿದೆವು. ಶೇಖರಪ್ಪ ಹೇಳಿದ ಬಯಲು ಅಲ್ಲೇ ಇತ್ತು. ಕಾರು ಆರಿಸಿ ಇಳಿದೆವು. ಅವಳು ಎಡಗಡೆಗೆ ಸ್ವಲ್ಪ ಮುಖ ತಿರುಗಿಸಿ, ಬಲಗಿವಿಯನ್ನು ಕಾಡಿನತ್ತ ಕೊಟ್ಟು ನಿಂತಳು. ನನ್ನನ್ನು ಕೈಸನ್ನೆಯಿಂದ ಸುಮ್ಮನಿರಿಸಿದಳು. ನಾನು ಮಾತಾಡುತ್ತಿರಲಿಲ್ಲ, ಉಸಿರಾಡುತ್ತಿದ್ದೆ. ಹತ್ತು ನಿಮಿಷ ಹಾಗೇ ಇದ್ದು, ಆಮೇಲೆ ಡೇರೆ ಹಾಕಲು ತೊಡಗಿದೆವು. ಆಗ ನಿಮ್ಮ ಕಾವಲುಗಾರರ ಜೀಪು ಕೆಳಗಿನ ಹಾದಿಯಲ್ಲಿ ಬಂತು. ಅರವತ್ತರ ಆಸುಪಾಸಿನ ಮನುಷ್ಯ. ನಮ್ಮನ್ನು ನೋಡಿದರು, ಅರ್ಧ ಹಾಕಿದ ಡೇರೆಯನ್ನೂ ನೋಡಿದರು, ಕೈ ಎತ್ತಿ ನಗುತ್ತ ಮುಂದೆ ಹೋದರು. ದೂರದಲ್ಲಿ ಹೊಗೆ ಏಳುತ್ತಿದ್ದ ಮನೆಯ ಮುಂದೆ ಜೀಪು ನಿಂತಿತು.

"ಹೇಳಿ ಬರೋಣ ನಡೀರಿ," ಎಂದಳು ಸುವರ್ಣಾ.

"ಹೇಳಬ್ಯಾಡ ಅಂದಾನ ಶೇಖರಪ್ಪ."

"ಶೇಖರಪ್ಪಗ ಹೊಲಾ ಎಲ್ಲಿ ಐತ್ರೀ? ಅವಗೇನ್ ಗೊತ್ತ. ಮನಿ ಕಾಣಾಕತ್ತೈತಿ, ಆ ಮನಶ್ಯಾ ಕೈ ಮಾಡಿ ಹೋಗ್ಯಾನ. ಇನ್ನ ಹೇಳಲಾರದ ಮಲಗಿದ್ರ ಕಳ್ಳರಂಗ ಆಗತೈತಿ. ಕಳ್ಳರಿಗೆ ನಿದ್ದಿ ಹತ್ತೂದಿಲ್ಲ, ಏನೂ ಕೇಳ್ಸೂದೂ ಇಲ್ಲ."

ಅಧಿಕಾರಿಗಳೇ, ನಮ್ಮ ತಪ್ಪು ಇಲ್ಲಿದೆ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ನವಲಗುಂದದ ಹತ್ತಿರ ಅವಳ ತಂದೆಗೆ ಹೊಲವಿತ್ತು. ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗುವ ಎತ್ತಿನ ಚಕ್ಕಡಿಗಳು ಹೊತ್ತು ಮುಳುಗುವ ಮುಂಚೆ ಆ ಹೊಲದಲ್ಲಿ ಇಳಿಯುತ್ತಿದ್ದವು. ಬಂದವರಲ್ಲಿ ಒಬ್ಬರು ಮನೆಗೆ ಬಂದು, 'ನಿಮ್ಮ ಹೊಲದಾಗ ಇಳದೇವ್ರಿ' ಎಂದು ಹೇಳಿಹೋಗುವರು. ಅವರು ಅನುಮತಿ ಬೇಡುತ್ತಿರಲಿಲ್ಲ. ಹೇಳಿ ಹೋಗುತ್ತಿದ್ದರು, ಅಷ್ಟೆ. ಹೇಳಿದ ಮೇಲೆ ಇಲ್ಲ ಎನ್ನುವ ಹೊಲದೊಡೆಯ ಇರಲಿಲ್ಲ. ಮಜ್ಜಿಗೆ ಕಳಿಸುವುದು ಮಾತ್ರ ಅವನ ಪಾಲಿನ ಕೆಲಸ. ಹೇಳದೆ ಇಳಿದವರ ಮೇಲೆ ಮಾತ್ರ ಸಂಶಯ. ಸುವರ್ಣಾ ಬಯಲಿನಿಂದ ಆ ಮನೆಗೆ ನಡೆದದ್ದು ಈ ಪದ್ಧತಿಯನ್ನು ಕಾಲಲ್ಲಿಟ್ಟುಕೊಂಡು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ದಾರಿಯಲ್ಲಿ ಎರಡು ಸಲ ವಾಲಿದಳು, ಎರಡು ಸಲವೂ ನನ್ನ ತೋಳು ಹಿಡಿಯದೆ ಸಾವರಿಸಿಕೊಂಡಳು.

ಅವಳು ಎಲ್ಲವನ್ನೂ ಹೇಳಿದಳು. ಎಲ್ಲಿ ಇಳಿದಿದ್ದೇವೆ, ಒಂದೇ ರಾತ್ರಿ, ಬೆಂಕಿ ಹೊತ್ತಿಸುವುದಿಲ್ಲ, ಕಿವಿಯ ಸಂಗತಿ. ನಿಮ್ಮ ಕಾವಲುಗಾರರು ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಕೇಳಿಸಿಕೊಂಡರು. ಅವರ ಮುಖದ ನಗೆ ಹೋಗಲಿಲ್ಲ, ಹಳತಾಯಿತು.

"ನೀವು ನನಗೆ ಹೇಳಬಾರದಿತ್ತು," ಎಂದರು. "ಹೇಳದಿದ್ದರೆ ನಾನು ನಿಮ್ಮನ್ನು ನೋಡಿಯೇ ಇರಲಿಲ್ಲ."

"ಆದರೆ ನೀವು ಕೈ ಮಾಡಿದಿರಲ್ಲ," ಎಂದಳು ಅವಳು, ಇಂಗ್ಲಿಷಿನಲ್ಲಿ.

"ಹೌದು. ಕೈ ಮಾಡುವುದನ್ನು ಎಲ್ಲೂ ಬರೆದುಕೊಳ್ಳಬೇಕಾಗಿಲ್ಲ."

ತಿಳಿದ ಮೇಲೆ ಅವರು ನಿಮ್ಮ ಕಚೇರಿಗೆ ಫೋನು ಮಾಡಲೇಬೇಕಿತ್ತು, ಮಾಡಿದರು. ನಮ್ಮ ಪರವಾಗಿಯೇ ಮಾತಾಡಿದರು, ಸಾಕ್ಷಿಗೆ ನಾನಿದ್ದೆ. ನಿಮ್ಮ ಕಚೇರಿ ಒಪ್ಪಲಿಲ್ಲ. ಕಾರಣವನ್ನು ಅವರು ತಗ್ಗಿದ ದನಿಯಲ್ಲಿ ನಮಗೆ ತಲುಪಿಸಿದರು: ಇದು ಹಕ್ಕಿಗಳು ಗೂಡು ಕಟ್ಟುವ ಕಾಲ, ಅವುಗಳಿಗೆ ಸದ್ದಿನಿಂದ ತೊಂದರೆಯಾಗುತ್ತದೆ. ಸದ್ದಿನಿಂದ, ಮಾನ್ಯರೇ. ಬದುಕಿನಲ್ಲಿ ಕೊನೆಯ ಸಲ ಹಕ್ಕಿಗಳಿಗೆ ಕಿವಿಗೊಡಲು ಎಂಟು ತಾಸು ಪ್ರಯಾಣ ಮಾಡಿ ಬಂದು, ಗಂಡನ ಉಸಿರನ್ನೂ ಸುಮ್ಮನಿರಿಸುವ ಹೆಂಗಸಿನಿಂದ ಹಕ್ಕಿಗಳನ್ನು ಕಾಪಾಡಿದಿರಿ. ಎರಡು ಮೈಲಿ ಆಚೆ ಗಿರಣಿಯ ಗರಗಸ ಸೋಮವಾರ ಮತ್ತೆ ಶುರುವಾಗುವುದರಲ್ಲಿತ್ತು. ಅದಕ್ಕೆ ಪರವಾನಗಿ ಇದೆ.

ಡೇರೆಯ ಗೂಟಗಳನ್ನು ಆ ಮನುಷ್ಯನೇ ಬಗ್ಗಿ ಕಿತ್ತುಕೊಟ್ಟರು. ಬೆಳಿಗ್ಗೆ ಯಾವ ಹಕ್ಕಿ ಮೊದಲು ಕೂಗುತ್ತದೆ ಎಂದು ಸುವರ್ಣಾ ಅವರನ್ನು ವಿಚಾರಿಸಿದಳು. ನಾಲ್ಕೂವರೆಗೆ ರಾಬಿನ್, ಆಮೇಲೆ ಬ್ಲ್ಯಾಕ್‌ಬರ್ಡ್, ಐದರ ಹೊತ್ತಿಗೆ ಎಲ್ಲವೂ ಒಟ್ಟಿಗೆ, ಎಂದು ಅವರು ಹೇಳುತ್ತಿದ್ದರೆ, ಮುಚ್ಚಿದ ಖಾನಾವಳಿಯ ಬಾಗಿಲಲ್ಲಿ ಯಾರೋ ಊಟದ ಬಗೆಗಳನ್ನು ಓದಿ ಹೇಳಿದಂತಿತ್ತು. ಹೋಳಿಗೆ ಡಬ್ಬಿಯನ್ನು ಇಟ್ಟುಕೊಳ್ಳಲು ಅವರಿಗೆ ಸಂಕೋಚ. ಕರ್ತವ್ಯದ ಮೇಲಿದ್ದಾಗ ಏನನ್ನೂ ತೆಗೆದುಕೊಳ್ಳುವಂತಿಲ್ಲವಂತೆ. ಕೊನೆಗೆ ಒಂದನ್ನು ಅಲ್ಲೇ ನಿಂತು ತಿಂದರು.

ಹಿಂತಿರುಗುವಾಗ ಹೆದ್ದಾರಿಯ ಒಂದು ನಿಲ್ದಾಣದಲ್ಲಿ, ಬಾನೆಟ್ಟಿಗೆ ಆತು ನಿಂತಾಗ ಹೇಳಿದಳು: "ಹೇಳಿದ್ದು ತಪ್ಪಾತಲ್ಲ ಅಂತ ನನಗ ಇನ್ನೂ ಅನಸವಲ್ದು. ಅದಕ್ಕ ಹೆಚ್ಚ ಬ್ಯಾಸರ."

ನಿಮ್ಮ ಕಾಡಿನಲ್ಲಿ ಪ್ರತಿ ವಾರವೂ ಜನ ಹೇಳದೆ ಮಲಗುತ್ತಾರೆ ಎಂಬುದು ನಿಮಗೆ ಗೊತ್ತಿದೆ, ನಿಮ್ಮ ಕಾವಲುಗಾರರಿಗೆ ಗೊತ್ತಿದೆ, ಶೇಖರಪ್ಪನಿಗೂ ಗೊತ್ತಿದೆ. ಅವರನ್ನು ನೀವು ನೋಡುವುದಿಲ್ಲ. ಅದು ನಿಮ್ಮ ಔದಾರ್ಯ ಎಂದು ಒಪ್ಪುತ್ತೇನೆ. ಆದರೆ ಕದ್ದು ಬಂದವರಿಗೆ ಮಾತ್ರ ಸಿಗುವ ಔದಾರ್ಯವನ್ನು ಏನೆಂದು ಕರೆಯಬೇಕು? ನಿಮ್ಮ ಅರ್ಜಿಯ ನಮೂನೆಯಲ್ಲಿ ಅನುಮತಿ ಪಡೆದವರಿಗೆ ಒಂದು ಅಂಕಣವಿದೆ. ನಮೂನೆಯ ಹೊರಗೆ, ಕಣ್ಣು ತಪ್ಪಿಸುವವರಿಗೆ ಇಡೀ ಕಾಡೇ ಇದೆ. ಬಾಗಿಲು ತಟ್ಟಿ ಸುಮ್ಮನೆ ತಿಳಿಸಿ ಹೋಗುವವರಿಗೆ ಎಲ್ಲಿದೆ ಜಾಗ? ನಾಳೆ ನೀವು ನಿಯಮ ಬದಲಿಸಬಲ್ಲಿರಿ ಎಂಬ ಭ್ರಮೆ ನನಗಿಲ್ಲ. ನಿಮ್ಮ ಕುರ್ಚಿಯಂಥದ್ದೇ ಕುರ್ಚಿಯಲ್ಲಿ ಕೂರುವವನು ನಾನು. ಅದರಿಂದ ಎದ್ದು ಎಷ್ಟು ದೂರ ಕೈ ಚಾಚಬಹುದು ಎಂಬ ಅಂದಾಜು ಇದೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಮೇ ಇಪ್ಪತ್ತರ ಒಳಗೆ ಅವಳು ಇನ್ನೊಂದು ಸಲ ಪ್ರಯಾಣ ಮಾಡಬಹುದು ಎಂದು ಸರ್ಜನ್ ಹೇಳಿದ್ದಾರೆ, ಅದರಾಚೆ ಇಲ್ಲ. ಆ ಬಯಲಿನಲ್ಲಿ ಒಂದು ರಾತ್ರಿ. ಹೇಳದೆ ಹೋಗು ಎಂದು ಮಗಳು ಈಗಲೂ ಹೇಳುತ್ತಾಳೆ, ಸುವರ್ಣಾ ಒಪ್ಪುವುದಿಲ್ಲ. ಆ ಬಯಲಿನಿಂದ ಕಾವಲುಗಾರರ ಮನೆ ಕಾಣದೆ ಇರುವುದಿಲ್ಲ, ಕಂಡರೆ ಹೇಳದೆ ಇರಲು ಅವಳಿಗೆ ಬರುವುದಿಲ್ಲ. ಹೌದು ಅಥವಾ ಇಲ್ಲ, ಯಾವುದಾದರೂ ಸರಿ. ಪತ್ರದಲ್ಲಿ ಮಾತ್ರ ಕಳಿಸಬೇಡಿ. ಮುಂದೆ ಅವಳಿಗೆ ಎಲ್ಲವೂ ಬರಹದಲ್ಲೇ ಬರಲಿದೆ. ಇಂಗ್ಲಿಷ್ ಪ್ರತಿಯಲ್ಲಿ ನಮ್ಮ ಮನೆಯ ನಂಬರಿದೆ, ಫೋನನ್ನು ಅವಳೇ ಎತ್ತುತ್ತಾಳೆ. ನಿಮ್ಮ ಬಾಯಿಂದ ಹೇಳಿ. ಸ್ವಲ್ಪ ಜೋರಾಗಿ ಹೇಳಿ.

ಇಂತಿ,
ಹೇಳದೆ ಹೋಗಲು ಬಾರದ ಇಬ್ಬರಲ್ಲಿ, ಕಾರು ನಡೆಸುವವನು
ಪಿನ್ನರ್, ಮೇ ೧೦