ಕಾರಣ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿತ್ತು

ಹಿರಿಯರ ಪ್ರವಾಸಕ್ಕೆ ಬಸ್ಸು ಮಂಜೂರು ಮಾಡುವ, ಸದ್ಯಕ್ಕೆ ಮಾಡದಿರುವ, ಮಾನ್ಯ ಅಧಿಕಾರಿಗಳೇ,

ನೀವು ಹುಡುಕುತ್ತಿರುವ ಕಾರಣ ನಾನೇ.

ಎರಡು ತಿಂಗಳಿಂದ ನಮ್ಮ ಹಿರಿಯರ ಕೂಟದ ಬಸ್ಸು ನಿಂತಿದೆ. ಕೂಟದ ಬೋರ್ಡಿಗೆ ಅಂಟಿಸಿದ ನಿಮ್ಮ ಆದೇಶವನ್ನು ಬೆರಳಿಟ್ಟುಕೊಂಡು ಮೂರು ಸಲ ಓದಿದೆ. ‘ಪ್ರಯಾಣಿಕರೊಬ್ಬರನ್ನು ಪ್ರವಾಸದ ಸ್ಥಳದಲ್ಲಿಯೇ ಬಿಟ್ಟುಬಂದ ಘಟನೆಯ ಕಾರಣ ತಿಳಿದುಬರುವವರೆಗೆ ಎಲ್ಲ ದಿನಪ್ರವಾಸಗಳನ್ನು ತಡೆಹಿಡಿಯಲಾಗಿದೆ.’ ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿ ಕಂಡವಳು. ಆದರೂ ಇಷ್ಟು ಅರ್ಥವಾಯಿತು: ಕಾರಣ ಸಿಕ್ಕರೆ ಬಸ್ಸು ಬರುತ್ತದೆ. ಆ ಕಾರಣಕ್ಕೆ ಎಪ್ಪತ್ತನಾಲ್ಕು ವರ್ಷ, ಎಡ ಮಂಡಿ ನೋವು. ಮೂರು ದಿನ ಊಟದ ಡಬ್ಬಿ ಹಿಡಿದುಕೊಂಡು ಬಂದು ನಿಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿತ್ತು. ನೀವು ಅದರ ಕಾಲು ದಾಟಿಕೊಂಡೇ ಒಳಗೆ ಹೋದಿರಿ, ಹೊರಗೆ ಬಂದಿರಿ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆ ಯಾವುದೋ ಕಚೇರಿಯ ಪಡಸಾಲೆಯಲ್ಲಿಯೇ ಹುಟ್ಟಿರಬೇಕು.

ನಡೆದದ್ದನ್ನು ಹೇಳುತ್ತೇನೆ. ಕೈಗೆ ಕೊಟ್ಟ ಕಾಗದಕ್ಕೆ ನಿಮ್ಮಲ್ಲಿ ಮೊಹರು ಬೀಳುತ್ತದೆ, ಆಮೇಲೆ ಅದು ಬೀರುವಿನಲ್ಲಿ ಮಲಗುತ್ತದೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಊರೆಲ್ಲ ಓದಿದ ಮೇಲಾದರೂ ನೀವು ಓದಬಹುದು.

ನಮ್ಮ ಕೂಟದಲ್ಲಿ ತಲೆ ಎಣಿಸುವ ಪದ್ಧತಿ ಇಲ್ಲ. ಮೊದಲು ಇತ್ತು. ಶಾಲೆಯಲ್ಲಿ ಕವಾಯತು ಮಾಡಿಸುತ್ತಿದ್ದ ಮೇಷ್ಟ್ರು ನಮ್ಮ ಮುಂದಾಳು; ಅವರು ಎಣಿಸುವಷ್ಟರಲ್ಲಿ ನಾಲ್ಕು ಜನ ಎದ್ದು ಜಾಗ ಬದಲಿಸುತ್ತಿದ್ದರು, ಇಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ, ಒಬ್ಬರು ಎಲ್ಲರ ಹೆಸರಿಗೂ ಓಗೊಡುತ್ತಿದ್ದರು. ಕೊನೆಗೆ ಮೇಷ್ಟ್ರು ಅಂದರು, “ಇಲ್ದೇ ಇರೋನು ನಾನಿಲ್ಲ ಅಂತ ಕೂಗ್ತಾನಾ? ಪಕ್ಕದೋರು ಹೇಳ್ಬೇಕು.” ಅಂದಿನಿಂದ ಜೋಡಿ ಪದ್ಧತಿ. ಸಾಲಿನ ಸಂಖ್ಯೆ ಕೂಗಿದಾಗ ನಾನು ನನ್ನ ಜೋಡಿಯ ಬಗ್ಗೆ ‘ಇದ್ದಾಳೆ’ ಅನ್ನಬೇಕು, ಅವಳು ನನ್ನ ಬಗ್ಗೆ ‘ಇದ್ದಾಳೆ’ ಅನ್ನಬೇಕು. ಯಾರೂ ತಮ್ಮ ಬಗ್ಗೆ ಹೇಳಿಕೊಳ್ಳುವ ಹಾಗಿಲ್ಲ. ಏಳು ವರ್ಷ ಒಂದು ತಪ್ಪೂ ಆಗಲಿಲ್ಲ.

ನನ್ನ ಜೋಡಿಯನ್ನು ಎಲ್ಲರೂ ಮಿಲ್ಲಕ್ಕ ಅನ್ನುತ್ತಾರೆ. ಮೂವತ್ತಾರು ವರ್ಷ ಬಟ್ಟೆ ಗಿರಣಿಯಲ್ಲಿ ತಪ್ಪು ಹುಡುಕುವ ಕೆಲಸ ಮಾಡಿದವಳು. ನೇಯ್ದು ಬಂದ ಬಟ್ಟೆಯನ್ನು ದೀಪಕ್ಕೆ ಒಡ್ಡಿ ನೋಡುವುದು, ಒಂದು ಎಳೆ ತಪ್ಪಿದ್ದರೂ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಆ ಕಣ್ಣು ಈಗ ಆರುತ್ತಿದೆ. ನಡುವೆ ಮಬ್ಬು, ಅಂಚಿನಲ್ಲಿ ಒಂದಿಷ್ಟು ಬೆಳಕು. ಈ ವರ್ಷ ಮುಗಿಯುವುದರೊಳಗೆ ಅದೂ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಅದಕ್ಕೇ ಬಸ್ಸಿನಲ್ಲಿ ಕಿಟಕಿ ಅವಳದು, ಬಾಯಿ ನನ್ನದು. ಹೊರಗೆ ಏನು ಬಂತು, ಏನು ಹೋಯಿತು ಎಲ್ಲ ಹೇಳುತ್ತೇನೆ. “ಕೆಂಪು ಅಂದ್ರೆ ಯಾವ ಕೆಂಪು? ಸರಿಯಾಗಿ ಹೇಳೆ,” ಎಂದು ನನ್ನ ಮಾತಿನಲ್ಲೂ ತಪ್ಪು ಹುಡುಕುತ್ತಾಳೆ.

ಆವತ್ತು ಅಣೆಕಟ್ಟು ನೋಡಲು ಹೋಗಿದ್ದೆವು. ಸಂಜೆ ನಾಲ್ಕಕ್ಕೆ ಸೀಟಿ ಊದಿದರು, ಎಲ್ಲರೂ ಹತ್ತಿದರು. ಮುಂದಿನ ಸಾಲಿನ ಟೈಲರಣ್ಣ ಕಿಟಕಿ ಮುಚ್ಚಿದ್ದ. ನನಗೂ ಅವನಿಗೂ ಅದರ ಮೇಲೆ ವಾಗ್ವಾದ ಶುರುವಾಯಿತು. “ಗಾಳಿ ಬಂದ್ರೆ ನಿನ್ ಮೂಳೆ ಹಾರ್ಹೋಗುತ್ತಾ?” ಅನ್ನುತ್ತಿದ್ದೆ ನಾನು. ಹಿಂದಿನಿಂದ ಮೇಷ್ಟ್ರು, “ಮೂರನೇ ಸಾಲು?” ಅಂದರು. ನನ್ನ ಕೈ ಮಿಲ್ಲಕ್ಕನ ಸೀಟಿನ ಮೇಲಿತ್ತು, ಕೈಯ ಕೆಳಗೆ ಅವಳ ಶಾಲು ಬೆಚ್ಚಗಿತ್ತು. ತಿರುಗಿ ನೋಡದೆ, “ಇದ್ದಾಳೆ,” ಅಂದೆ. ಎರಡು ದನಿ ಬರಬೇಕಿತ್ತು, ನಿಜ. ಆದರೆ ನನ್ನ ದನಿ ಇಬ್ಬರ ದನಿಯಷ್ಟಿದೆ; ಇಡೀ ಕೂಟಕ್ಕೆ ಗೊತ್ತು.

ಹತ್ತು ಮೈಲಿ ಹೋದ ಮೇಲೆ ತಂತಿಗೆ ಸಿಕ್ಕಿಕೊಂಡ ಗಾಳಿಪಟ ಕಂಡಿತು. “ನೋಡೆ, ಗಾಳಿಪಟ, ಕೆಂಪಂದ್ರೆ ಇಟ್ಟಿಗೆ ಕೆಂಪು,” ಅಂದೆ. ಯಾರೂ ತಪ್ಪು ಹುಡುಕಲಿಲ್ಲ. ಮಾನ್ಯರೇ, ನಿಮ್ಮ ಆದೇಶದಲ್ಲಿ ‘ಘಟನೆ’ ಎಂದು ಬರೆದಿದ್ದೀರಲ್ಲ, ಅದು ನನ್ನ ಮಟ್ಟಿಗೆ ನಡೆದದ್ದು ಆ ಕ್ಷಣದಲ್ಲಿ. ತಿರುಗಿ ನೋಡಿದರೆ ಸೀಟಿನ ಮೇಲೆ ಬರಿಯ ಶಾಲು ಇತ್ತು.

ನನ್ನ ಕೂಗಿಗೆ ಡ್ರೈವರಣ್ಣ ಬಸ್ಸು ತಿರುಗಿಸಿದ. ಮಿಲ್ಲಕ್ಕ ನೀರಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ನೀರಿನ ಮೇಲೆ ಬಿಸಿಲು ಹೊಳೆಯುವುದು ಅವಳಿಗಿನ್ನೂ ಕಾಣುತ್ತದೆ. ಅದನ್ನೇ ಇನ್ನೊಮ್ಮೆ ನೋಡಲು, ಶಾಲನ್ನು ಸೀಟಿನ ಮೇಲೆ ಬಿಟ್ಟು, ಬಸ್ಸಿನಿಂದ ಇಳಿದುಹೋಗಿದ್ದಳಂತೆ. ನಾನು ಅಳುತ್ತಾ ಓಡಿದರೆ, ಓಟವೇನು ಬಂತು, ಕುಂಟುತ್ತಾ ಹೋದರೆ, “ಇಷ್ಟು ಬೇಗ ಯಾಕ್ ಬಂದ್ರಿ? ನೀನಿಲ್ದೇ ಇದ್ದಾಗ್ಲೇ ಚೆನ್ನಾಗಿ ಕಾಣಿಸ್ತಿತ್ತು ಕಣೇ,” ಅಂದಳು. ಅಷ್ಟರಲ್ಲಿ ಅಲ್ಲಿನ ಕಾವಲುಗಾರ ನಿಮ್ಮ ಕಚೇರಿಗೆ ಫೋನು ಮಾಡಿಯಾಗಿತ್ತು. ತಪ್ಪು ಮಾಡಿದವನು ಅವನಲ್ಲ.

ಮೊದಲ ದಿನ ನಿಮ್ಮ ಗುಮಾಸ್ತರ ಮುಂದೆ ಇದೆಲ್ಲ ಒಪ್ಪಿಕೊಂಡೆ. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು. ಫಾರಂ ತೆಗೆದು ಓದಿದರು: ಚಾಲಕ, ನಿರ್ವಾಹಕ, ವಾಹನ, ರಸ್ತೆ, ಹವಾಮಾನ. “ಕಾರಣ ಇಷ್ಟರಲ್ಲೇ ಒಂದಾಗಿರ್ಬೇಕಜ್ಜಿ. ಇದ್ರಲ್ಲಿ ನೀವ್ಯಾವ್ದು?”

“ಹವಾಮಾನ ಅಂತ ಬರ್ಕೊಳಪ್ಪ. ನಮ್ ಸೊಸೆನ ಕೇಳಿದ್ರೂ ಅತ್ತೆ ಅಂದ್ರೆ ಗುಡುಗು ಸಿಡಿಲು ಅಂತ್ಲೇ ಹೇಳ್ತಾಳೆ.”

ಅವರು ನಕ್ಕರು, ಬರೆದುಕೊಳ್ಳಲಿಲ್ಲ. ಪ್ರಯಾಣಿಕರು ಕಾರಣವಾಗಲು ಬರುವುದಿಲ್ಲವಂತೆ, ಅವರು ಬಾಧಿತರಂತೆ. ಪಟ್ಟಿಯಲ್ಲಿ ನನ್ನ ಹೆಸರು ಆಗಲೇ ಬಾಧಿತರ ಸಾಲಿನಲ್ಲಿ ಸೇರಿಹೋಗಿತ್ತು, ಮಿಲ್ಲಕ್ಕನ ಹೆಸರಿನ ಪಕ್ಕದಲ್ಲಿಯೇ. ಕಡತದಲ್ಲೂ ನಾವು ಜೋಡಿ. ಎರಡನೇ ದಿನ ನೀವು ಸಭೆಯಲ್ಲಿದ್ದಿರಿ. ಮೂರನೇ ದಿನ, ಕಾರಣ ಪತ್ತೆಮಾಡಲು ಸಮಿತಿ ರಚಿಸುವ ಪ್ರಸ್ತಾಪ ಮೇಲಕ್ಕೆ ಹೋಗಿದೆ ಎಂದರು. ಎಷ್ಟು ಮೇಲಕ್ಕೆ ಎಂದು ಕೇಳಿದೆ. ಗುಮಾಸ್ತರು ಸೂರು ನೋಡಿದರು.

ಸ್ವಾಮಿ, ನಮ್ಮ ಸುರಕ್ಷತೆಗಾಗಿಯೇ ಇದೆಲ್ಲ ಎನ್ನುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ; ನೀವು ಕೊಟ್ಟಿಗೆಗೇ ಬೀಗ ಹಾಕಿದಿರಿ. ಮನೆಯಲ್ಲಿ ಕೂತ ಮುದುಕರು ಸುರಕ್ಷಿತವಾಗಿರುತ್ತಾರೆ ಎಂದು ನಿಮಗೆ ಹೇಳಿದವರು ಯಾರು? ಟೈಲರಣ್ಣ ಜಗಳಕ್ಕೆ ಜನವಿಲ್ಲದೆ ಸೊರಗಿದ್ದಾನೆ. ಮೇಷ್ಟ್ರು ಸೀಟಿಯನ್ನು ಪೆಟ್ಟಿಗೆಯಲ್ಲಿಟ್ಟರು. ತಪ್ಪು ತಮ್ಮದೇ ಎಂದು ಅವರೂ ಹೇಳುತ್ತಾರೆ. ಅವರನ್ನು ನಂಬಬೇಡಿ, ಮೊದಲು ಬಂದವಳು ನಾನು.

ಈಗ ದಿನಾ ಮಧ್ಯಾಹ್ನ ಮಿಲ್ಲಕ್ಕನ ಕೋಣೆಯ ಕಿಟಕಿಯ ಬಳಿ ಕೂರುತ್ತೇವೆ. ಬೀದಿಯನ್ನೇ ಬಸ್ಸಿನ ಹೊರಗಿನ ನೋಟವೆಂದುಕೊಂಡು ಹೇಳುತ್ತಾ ಹೋಗುತ್ತೇನೆ. ಇಸ್ತ್ರಿ ಅಂಗಡಿ, ನೀಲಿ ಬಾಗಿಲು, ಹಾಲಿನ ವ್ಯಾನು, ನಲ್ಲಿ. “ಇದ್ನ ನೀನ್ ನಿನ್ನೆನೇ ಹೇಳಿದ್ದೆ,” ಅನ್ನುತ್ತಾಳೆ. ನಾವು ಚಲಿಸದಿದ್ದರೆ ಬೀದಿ ಚಲಿಸುತ್ತದೆಯೇ? ಕಳೆದ ವಾರ ತಡೆಯಲಾರದೆ, “ಬಿಳಿ ಕುದುರೆ ಹೋಗ್ತಿದೆ ನೋಡೆ,” ಎಂದೆ. ಕುದುರೆ ಎಲ್ಲಿಂದ ಬರಬೇಕು? ಬೈಯುತ್ತಾಳೆಂದು ಕಾದೆ. ಸಾವಿರ ಗಜದಲ್ಲಿ ಒಂದು ಎಳೆಯ ಸುಳ್ಳನ್ನು ಹಿಡಿಯುತ್ತಿದ್ದವಳು ಕಿಟಕಿಯ ಸರಳು ಹಿಡಿದು ಮುಂದೆ ಬಾಗಿ, “ಯಾವ ಕಡೆ ಹೋಯ್ತು?” ಅಂದಳು. ಎಡಕ್ಕೆ ಎಂದೆ. ಎಡಕ್ಕೆ ತಿರುಗಿ ಬಹಳ ಹೊತ್ತು ನೋಡಿದಳು.

ಅಂದಿನಿಂದ ನನಗೆ ಕಿಟಕಿಯ ಬಳಿ ಬಾಯಿ ಬರುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮ ಫಾರಮಿನಲ್ಲಿ ಹವಾಮಾನದ ಕೆಳಗೆ ಒಂದು ಗೆರೆ ಎಳೆಯಿರಿ. ಗೆರೆ ಎಳೆಯಲು ಸಮಿತಿ ಬೇಡ, ಅಡಿಕೋಲು ಸಾಕು. ನಿಮ್ಮಲ್ಲಿ ಅದಿಲ್ಲದಿದ್ದರೆ ಮೊಮ್ಮಗಳದ್ದು ಕೊಟ್ಟು ಕಳಿಸುತ್ತೇನೆ. ಅಲ್ಲಿ ನನ್ನ ಹೆಸರು ಬರೆದು ಕಡತ ಮುಚ್ಚಿ. ಶಿಕ್ಷೆಯಾಗಿ ನನ್ನನ್ನು ಇನ್ನು ಬಸ್ಸು ಹತ್ತಿಸಬೇಡಿ. ತಕರಾರಿಲ್ಲ, ಹೆಬ್ಬೆಟ್ಟೂ ಒತ್ತುತ್ತೇನೆ, ಸಹಿಯೂ ಹಾಕುತ್ತೇನೆ. ಆದರೆ ವರ್ಷ ಮುಗಿಯುವ ಮೊದಲು, ಬಿಸಿಲಿರುವ ಒಂದು ದಿನ, ಕೂಟದವರನ್ನು ಆ ನೀರಿನ ಬಳಿಗೆ ಕರೆದೊಯ್ಯಿರಿ. ಮೂರನೇ ಸಾಲಿನಲ್ಲಿ ನನ್ನ ಜಾಗಕ್ಕೆ ಯಾರನ್ನಾದರೂ ಕೂರಿಸಿ, ನೀವೇ ಕೂತರೂ ಆದೀತು. ಕೆಲಸ ಕಷ್ಟದ್ದಲ್ಲ. ಹೊರಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮೇಷ್ಟ್ರು ಕೂಗಿದಾಗ ತಿರುಗಿ ನೋಡಿ ಹೇಳಬೇಕು.

ಇಂತಿ,
ನಿಮ್ಮ ಕಡತಕ್ಕೆ ಇನ್ನೂ ಸಿಗದ ಕಾರಣ
(ಬಾಧಿತರ ಪಟ್ಟಿ, ಮೂರನೇ ಸಾಲು, ಕಿಟಕಿಯ ಪಕ್ಕದವಳ ಪಕ್ಕದವಳು)