ಮೂರು ಹನಿಗೆ ಒಂದು ಅರ್ಜಿ

ಜನವರಿ 6, ಸೋಮವಾರ. ಬೆಳಿಗ್ಗೆ 7

ಕಾವೇರಿಗೆ ಮತ್ತೆ ವಾಂತಿ. ಎರಡು ಚಮಚ ಗಂಜಿ, ಅದೂ ನಿಲ್ಲಲಿಲ್ಲ. ಬೇಸಿನ್ ತೊಳೆದೆ. ಹೊಟ್ಟೆಯ ಕ್ಯಾನ್ಸರ್ ಇನ್ನು ವಾಸಿಯಾಗುವುದಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೇ ಎಂದು ಡಾಕ್ಟರ್ ಆರಾಧನಾ ಹೇಳಿ ಇವತ್ತಿಗೆ ಹತ್ತು ದಿನ.

"ರೀ, ಗಾಂಧಿ ಬಜಾರಿಗೆ ಅವರೆಕಾಯಿ ಬಂದಿರತ್ತೆ ಅಲ್ವಾ?" ಎಂದಳು. ನೀರು ಕುಡಿದರೂ ಕಕ್ಕುವವಳಿಗೆ ಹಿತಕಿದ ಬೇಳೆ ಸಾರಿನ ಆಸೆ. ಬಂದಿದೆ ಎಂದೆ.

ಜನವರಿ 9, ಗುರುವಾರ

ಅವಳ ತಮ್ಮ ವೇಣುಗೋಪಾಲ್ ಬಂದಿದ್ದ. ಮಲ್ಲೇಶ್ವರದ ಆಯುರ್ವೇದ ವೈದ್ಯರೊಬ್ಬರು ರಿಪೋರ್ಟ್ ನೋಡಿ, ವಿಡಿಯೋದಲ್ಲಿ ಅವಳನ್ನೂ ಮಾತಾಡಿಸಿ, ಚೀಟಿ ಬರೆದುಕೊಟ್ಟ ಎಣ್ಣೆಯಂತೆ. ಬೆರಳುದ್ದದ ಶೀಸೆ. ಊಟಕ್ಕೆ ಅರ್ಧ ಗಂಟೆ ಮುಂಚೆ, ನಾಲಿಗೆಯ ಕೆಳಗೆ ಮೂರು ಹನಿ. ಎಷ್ಟೋ ಎಣ್ಣೆ ನೋಡಿಯಾಯಿತು… ಇದೂ ಒಂದು.

ಜನವರಿ 11, ಶನಿವಾರ. ಮಧ್ಯಾಹ್ನ 3

ಊಟ ಮಾಡಿದಳು! ಆ ಎಣ್ಣೆಯ ಹನಿ ಶುರುಮಾಡಿ ಎರಡೇ ದಿನ. ಬೆಳಿಗ್ಗೆ ಅವರೆಕಾಳು ನೆನೆಸಿಟ್ಟಿದ್ದೆ. ಒಂದೊಂದೇ ಹಿತುಕುತ್ತಾ ಕೂತಾಗ ಅವಳೂ ದಿಂಬಿಗೆ ಒರಗಿ ನಾಲ್ಕು ಕಾಳು ಹಿತುಕಿದಳು. ಒಂದು ಕಾಳು ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು, ನಕ್ಕಳು. ಒಂದು ಹಿಡಿ ಅನ್ನ, ಸಾರು. ನಿಂತಿತು.

"ಉಪ್ಪು ಒಂಚೂರು ಕಮ್ಮಿ ಕಣ್ರೀ."

ತಪ್ಪು ಹುಡುಕುವಷ್ಟು ಶಕ್ತಿ ಬಂದಿದೆ. ಅಳು ಬಂತು. ಅಡುಗೆಮನೆಗೆ ಹೋಗಿ ನಿಂತೆ.

ಜನವರಿ 13, ಸೋಮವಾರ

ಅದು ಭಂಗಿ ಸೊಪ್ಪಿನ ಎಣ್ಣೆ. ಶೀಸೆಯ ಸಣ್ಣ ಅಕ್ಷರ ಭೂತಗನ್ನಡಿ ಹಿಡಿದು ಓದಿದೆ. ವೇಣುವಿಗೆ ಫೋನ್ ಮಾಡಿದರೆ ಅವನಿಗೆ ಮೊದಲೇ ಗೊತ್ತು.

"ನಿಮಗೆ ಹೇಳಿದ್ರೆ ಬೇಡ ಅಂತಿದ್ರಿ ಭಾವ. ಗಾಂಜಾ ಅಲ್ಲ ಇದು, ಬರೀ ಸೊಪ್ಪು. ಕಂಪನಿಗೆ ಲೈಸೆನ್ಸ್ ಇದೆ, ಡಾಕ್ಟ್ರು ಚೀಟಿ ಇದೆ, ಇನ್ನೇನು ಬೇಕು?"

"ಗಿಡ ಒಂದೇ ತಾನೇ?" ಎಂದೆ.

ಇವತ್ತಿನ ಪೇಪರಿನಲ್ಲೇ ಕಲಾಸಿಪಾಳ್ಯದಲ್ಲಿ ಗಾಂಜಾ ಸಮೇತ ಸಿಕ್ಕಿಬಿದ್ದವರ ಫೋಟೋ. ಮುಖಕ್ಕೆ ಟವೆಲ್. ಚಾಮರಾಜಪೇಟೆಯ ಈ ಮನೆಗೆ ಪೊಲೀಸರು ಬಂದರೆ… ಭಯವಾಯಿತು, ಸುಳ್ಳೇಕೆ ಹೇಳಲಿ. ಶೀಸೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸ್ಪಷ್ಟವಾಗುವ ತನಕ ಮಾತ್ರ.

ಜನವರಿ 15, ಬುಧವಾರ

ಸಂಕ್ರಾಂತಿಯ ಎಳ್ಳು ನಾಲಿಗೆಗೆ ಮುಟ್ಟಿಸಿಕೊಂಡಳು, ಅಷ್ಟೇ. ಮತ್ತೆ ವಾಂತಿ.

ಡಾಕ್ಟರ್ ಆರಾಧನಾ ಅವರನ್ನು ಕೇಳಿದೆ. "ನಾನು ಅದನ್ನ ಬರಿಯೋ ಹಾಗಿಲ್ಲ ಸಾರ್, ಆಯುರ್ವೇದದವರು ಬರೀಬಹುದು. ನಿಮ್ಮ ಮನೆಯವರಿಗೆ ಅನುಕೂಲ ಆಗ್ತಿದ್ರೆ ಕೊಡಿ."

ತಪ್ಪಿಲ್ಲ ಎಂದು ಬರೆದುಕೊಡಿ ಎಂದೆ. ನಕ್ಕು ಮುಂದಿನ ಪೇಷೆಂಟನ್ನು ಕರೆದರು.

ಬಾಯಿಮಾತು! ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೂತವನು ನಾನು. ಸಾಹೇಬರ ಬಾಯಿಮಾತು ನಂಬಿ ಕಡತ ಹೊರಗೆ ಕೊಟ್ಟ ಮುತ್ತುರಾಜ್ ಸಸ್ಪೆಂಡ್ ಆದ. ಸಾಹೇಬರಿಗೆ ಏನೂ ಆಗಲಿಲ್ಲ.

ಜನವರಿ 17, ಶುಕ್ರವಾರ

ಔಷಧ ನಿಯಂತ್ರಣ ಇಲಾಖೆಗೆ ಅರ್ಜಿ ಕೊಟ್ಟೆ. ತೀವ್ರ ಕಾಯಿಲೆಯ ನನ್ನ ಪತ್ನಿಗೆ ಈ ಔಷಧ ಕೊಡಲು ಅನುಮತಿ ಕೋರಿ. ಲಗತ್ತುಗಳು ಏಳು. ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ, ಇನ್ವರ್ಡ್ ನಂಬರ್ ಬಿತ್ತು. ನಂಬರ್ ಬಿದ್ದ ಕಾಗದ ಕಳೆಯುವುದಿಲ್ಲ, ಚಲಿಸುತ್ತದೆ. ಮನಸ್ಸು ಹಗುರಾಯಿತು.

ಜನವರಿ 25, ಶನಿವಾರ

ಹಾಲಿನ ಚೀಟಿಯ ಹಿಂದೆ ಏನೋ ಗೀಚಿ ಕೈಗಿಟ್ಟಳು. ಅಕ್ಷರ ಸೊಟ್ಟಪಟ್ಟ.

'ಅರ್ಜಿದಾರಳು: ಕಾವೇರಮ್ಮ. ವಿಷಯ: ಮೂರು ಹನಿ. ದಯವಿಟ್ಟು.'

"ಇದಕ್ಕೂ ನಂಬರ್ ಹಾಕ್ಬಿಡಿ. ಆಮೇಲೆ ಯಜಮಾನ್ರು ಯೋಚನೆ ಮಾಡ್ಲಿ."

ನಗಿಸಲು ಬರೆದಳೆಂದುಕೊಂಡೆ. ಕೆಂಪು ಶಾಯಿಯಲ್ಲಿ ನಂಬರ್ 1 ಎಂದು ಹಾಕಿ, ತಾರೀಕು ಬರೆದು, ಈ ಡೈರಿಯಲ್ಲೇ ಇಟ್ಟೆ. ಅವಳು ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.

ಫೆಬ್ರವರಿ 4, ಮಂಗಳವಾರ. ಬೆಳಿಗ್ಗೆ 11

ಕಚೇರಿಗೆ ನಾಲ್ಕನೇ ಸಲ ಹೋಗಿಬಂದೆ. "ಪರಿಶೀಲನೆಯಲ್ಲಿದೆ." ಇದೇ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ನಾನು.

ಅವಳು ಮೂಳೆ, ಚರ್ಮ. ತಡೆಯಲಾಗದೆ ಬೀರು ತೆಗೆದೆ. ಶೀಸೆ ಕೈಯಲ್ಲಿತ್ತು. ಅಷ್ಟರಲ್ಲಿ ಬಾಗಿಲ ಗಂಟೆ. ಗ್ಯಾಸಿನವನು! ಶೀಸೆ ಮತ್ತೆ ಒಳಗಿಟ್ಟು ಬೀಗ ಹಾಕಿದೆ. ನಾಳೆ ಉತ್ತರ ಬಂದರೂ ಬಂತು.

ಫೆಬ್ರವರಿ 20, ಗುರುವಾರ

ಕಾವೇರಿ ಹೋದಳು. ಹದಿನೇಳನೇ ತಾರೀಕು, ಬೆಳಿಗ್ಗೆ ಹತ್ತೂಕಾಲು. ಅದಕ್ಕೂ ಮುಂಚೆ ಆರು ದಿನ ಏನೂ ತಿಂದಿರಲಿಲ್ಲ.

ಮಾರ್ಚ್ 1, ಶನಿವಾರ

ಹದಿಮೂರನೇ ದಿನದ ಊಟ. ಅವಳಿಗೆ ಇಷ್ಟವಾದದ್ದು ಬಡಿಸಬೇಕು. ಗಾಂಧಿ ಬಜಾರು, ಕಲಾಸಿಪಾಳ್ಯ ಎರಡೂ ಸುತ್ತಿದೆ. "ಅವರೆ ಸೀಸನ್ ಮುಗೀತು ಸ್ವಾಮಿ" ಎಂದರು. ತೊಗರಿಬೇಳೆ ಸಾರು ಮಾಡಿಸಿದೆ. ವೇಣು ಉಂಡು, ನನ್ನ ಕಡೆ ನೋಡದೆ ಹೊರಟ.

ಮಾರ್ಚ್ 5, ಬುಧವಾರ. ಮಧ್ಯಾಹ್ನ 12

ಇಲಾಖೆಯ ಪತ್ರ ಬಂತು. ನಾಲ್ಕೇ ಸಾಲು. ಸದರಿ ಔಷಧವನ್ನು ನೋಂದಾಯಿತ ಆಯುರ್ವೇದ ವೈದ್ಯರ ಚೀಟಿಯ ಮೇಲೆ ಬಳಸಬಹುದು. ಈ ಕಚೇರಿಯ ಪ್ರತ್ಯೇಕ ಅನುಮತಿ ಅಗತ್ಯವಿರುವುದಿಲ್ಲ.

ಅಗತ್ಯವಿರುವುದಿಲ್ಲ. ಎರಡು ಸಲ ಓದಿದೆ. ಕೊಂದದ್ದು ಕಾಯಿಲೆಯೇ, ಗೊತ್ತು. ಆದರೆ ಹಸಿದ ಹೊಟ್ಟೆಯಲ್ಲಿ ಕಳಿಸಿದವನು ನಾನು.

ಅಭ್ಯಾಸ ಬಿಡದು. ಪತ್ರದ ನೆತ್ತಿಯ ಮೇಲೆ ಸ್ವೀಕರಿಸಿದ ತಾರೀಕು ಬರೆದೆ. ಇನ್ನೂ ಒಂದು ಅರ್ಜಿ ಬಾಕಿ ಇತ್ತು. ಡೈರಿಯೊಳಗಿಂದ ಹಾಲಿನ ಚೀಟಿ ತೆಗೆದು ಎದುರಿಗಿಟ್ಟುಕೊಂಡಿದ್ದೇನೆ. ನಂಬರ್ 1. ಅರ್ಜಿದಾರಳು ಕಾವೇರಮ್ಮ. ಮೂರು ಹನಿ, ದಯವಿಟ್ಟು. ಅದರ ಕೆಳಗೆ ಬರೆಯಬೇಕಾದದ್ದು ಒಂದೇ ಪದ. ಮಂಜೂ…