ಶಿಲುಬೆಯ ಕೆಳಗಿನ ಚುಕ್ಕೆ

ಮನೆಯಿಂದ,
ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಗ್ಗ ಹಿಡಿದು ಒಡೆದ ಅಂಗೈಗೆ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಎಂದಿನ ಉದಾಸೀನವೋ? ಅಮ್ಮ ಆರೋಗ್ಯವಾಗಿದ್ದಾಳೆ. ಅಪ್ಪ ಇಲ್ಲಿಯ ಚರ್ಚಿನ ಗೋಪುರದಿಂದ ಬಿದ್ದು ತೀರಿಕೊಂಡ ಮೇಲೂ ನೀನು ಊರೂರಿನ ಗೋಪುರ ರಿಪೇರಿಯ ಅದೇ ಕೆಲಸ ಹಿಡಿದೆಯೆಂಬ ಸಿಟ್ಟು ಮಾತ್ರ ಇಳಿದಿಲ್ಲ. ನಿನ್ನ ಪತ್ರ ಓದಲು ಹೊರಟರೆ ಎದ್ದು ಒಳಗೆ ಹೋಗುತ್ತಾಳೆ. ಚರ್ಚಿನ ಬೀದಿಯಲ್ಲಿ ಈಗಲೂ ಗೋಪುರ ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿಕೊಂಡೇ ನಡೆಯುತ್ತಾಳೆ. ಹಟದಲ್ಲಿ ನೀವಿಬ್ಬರೂ ಒಂದೇ ಅಚ್ಚು. ಅಡಕತ್ತರಿಯಲ್ಲಿ ಸಿಕ್ಕವಳು ನಾನು.

ಸ್ಟುಡಿಯೊದಲ್ಲಿ ಹಳೆಯ ಚರ್ಚುಗಳ ಫೋಟೊ ಪ್ರದರ್ಶನಕ್ಕೆ ತಯಾರಿ ನಡೆದಿದೆ. ಗಾಜಿನ ನೆಗೆಟಿವ್‌ನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಕುಂಚದಿಂದ ಬಣ್ಣ ತುಂಬುವುದು ನನ್ನ ಕೆಲಸ. ಬಿಟ್ಟರೆ ಫೋಟೊದ ಆಕಾಶದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ನಮ್ಮ ಯಜಮಾನರಿಗೆ ಗೋಪುರವೆಂದರೆ ಭೂಮಿ ದೇವರ ಕಡೆಗೆ ಎತ್ತಿದ ಬೆರಳು. ಹಿಂದಿನ ಫೋಟೊಗ್ರಾಫರುಗಳು ಬೀದಿ ಬರಿದಾಗುವ ತನಕ ಕಾದು ಚಿತ್ರ ತೆಗೆಯುತ್ತಿದ್ದರಂತೆ, ಆ ಬೆರಳಿಗೆ ಮನುಷ್ಯರ ಗದ್ದಲ ಸೋಕಬಾರದೆಂದು. ನಮ್ಮ ಚರ್ಚಿನ ನೆಗೆಟಿವ್ ಪ್ಲೇಟು ಕೊಟ್ಟು, "ಶಿಲುಬೆ ಕೆಳಗೊಂದು ಚುಕ್ಕೆ ಇದೆ, ಮುಚ್ಚಿಬಿಡಮ್ಮ" ಅಂದರು. ಕುಂಚ ಅದ್ದಿಯೂ ಆಗಿತ್ತು. ಸುಮ್ಮನೆ ಒಮ್ಮೆ ಭೂತಗನ್ನಡಿ ಇಟ್ಟು ನೋಡಿದೆ.

ಚುಕ್ಕೆಗೆ ಕಾಲುಗಳಿದ್ದವು ಅಣ್ಣಾ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ, ಎಡಗೈಯಿಂದ ಗೋಪುರದ ಕಲ್ಲನ್ನು ತಬ್ಬಿ ಹಿಡಿದು, ಕಾಲ ಮೇಲೆ ಕಾಲು ಹಾಕಿಕೊಂಡು, ಮನೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಹಾಗೇ ಅಪ್ಪ. ಪ್ಲೇಟಿನ ಅಂಚಿನಲ್ಲಿ ಬರೆದಿದ್ದುದು ಆ ಶಿಲುಬೆ ಕೂರಿಸಿದ ವರ್ಷ; ಆಗ ಅಷ್ಟೆತ್ತರಕ್ಕೆ ಹತ್ತಿದ್ದು ಅಪ್ಪ ಒಬ್ಬನೇ ಎಂದು ಊರಿಗೆಲ್ಲ ಗೊತ್ತು. ಮನೆಯಲ್ಲಿ ಅವನದೊಂದು ಫೋಟೊವೂ ಇಲ್ಲವಲ್ಲ. ನನಗೆ ದುಃಖ ಉಕ್ಕಿ ಬಂತು. "ಇದನ್ನ ಮುಚ್ಚಲ್ಲ ಸಾರ್, ನಮ್ಮಪ್ಪ" ಅಂದೆ. ಯಜಮಾನರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಹಾಗಾದ್ರೆ ದೊಡ್ಡದಾಗೇ ಪ್ರಿಂಟ್ ಹಾಕು" ಅಂದರು. ಅವರ ಪಾಲಿನ ಬೆರಳು ಏನಾಯಿತೋ, ನಾನು ಕೇಳಲಿಲ್ಲ.

ಒಂದು ಪ್ರತಿ ನಿನಗೆಂದು ಈ ಪತ್ರದ ಜೊತೆ ಇಟ್ಟಿದ್ದೇನೆ. ಮಡಚಬೇಡ. ಅತ್ತಿಗೆಗೆ ನನ್ನ ನೆನಪು ಹೇಳು, ಮಗುವಿಗೆ ಮುತ್ತು.

ನಿನ್ನ ಬಾಲಂಗೋಚಿ
ತಂಗಿ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅಮ್ಮ ಬಂದು ಫೋಟೊ ಕೇಳಿದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಅಳಲಿಲ್ಲ. "ಗಟ್ಟಿಯಾಗೇ ಹಿಡ್ಕೊಂಡಿದ್ರು" ಅಂದಳು. ಆಮೇಲೆ ನನ್ನ ಕಡೆ ನೋಡದೆ, "ಅವನೂ ಹೀಗೇ ಹಿಡ್ಕೋತಾನಾ, ಕೇಳು" ಅಂದಳು. ಉತ್ತರ ನನಗೆ ಬರೆಯಬೇಡ ಅಣ್ಣಾ, ಅಮ್ಮನಿಗೇ ಬರಿ.